ಆಕ್ಸೆಸ್‌ನಿಂದ ಹೊರಗಿನ ಪ್ರೋಗ್ರಾಂ ಓಡಿಸಿ ಕಾಯುವುದು: ಯಾವ ಕೆಲಸಕ್ಕೆ ಯಾವ ದಾರಿ?

ವಾಶಿಯ ಎಪಿಎಂಸಿ ಮಸಾಲೆ ಮಾರ್ಕೆಟ್‌ನಲ್ಲಿ ನಮ್ಮ ಊರ ಕಡೆಯವರದ್ದೇ ಒಂದು ಗಾಳಾ, ಅಂದರೆ ಅಂಗಡಿ, ಇದೆ. ಮೆಣಸಿನಕಾಯಿ, ಕೊತ್ತಂಬರಿ, ಅರಿಶಿನದ ವ್ಯಾಪಾರ. ಬಿಲ್ಲು, ಸ್ಟಾಕು, ಉಧಾರಿ ಲೆಕ್ಕ ಎಲ್ಲವೂ ನಾನು ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬರೆದುಕೊಟ್ಟ ಡೇಟಾಬೇಸ್‌ನಲ್ಲಿ ನಡೆಯುತ್ತದೆ. ರಾತ್ರಿ ಅಂಗಡಿ ಮುಚ್ಚುವ ಮುಂಚೆ ಲೆಕ್ಕದ ಹುಡುಗ ‘ಬ್ಯಾಕಪ್’ ಬಟನ್ ಒತ್ತುತ್ತಾನೆ. ಆಕ್ಸೆಸ್ ಒಂದು ಜಿಪ್ ಪ್ರೋಗ್ರಾಂ ಓಡಿಸುತ್ತದೆ, ಅದು ಡೇಟಾ ಫೈಲನ್ನು ಕುಗ್ಗಿಸಿ ಪೆನ್‌ಡ್ರೈವ್‌ಗೆ ಬರೆಯುತ್ತದೆ. ಎರಡು ವರ್ಷ ಇದು ಸರಿಯಾಗಿಯೇ ನಡೆಯಿತು, ಅಥವಾ ಹಾಗೆ ಅಂದುಕೊಂಡಿದ್ದೆವು.

ಒಂದು ದಿನ ಕಂಪ್ಯೂಟರಿನ ಹಾರ್ಡ್‌ಡಿಸ್ಕ್ ಕೆಟ್ಟಿತು. ಪೆನ್‌ಡ್ರೈವ್ ಹಾಕಿ ನೋಡಿದರೆ ಹಿಂದಿನ ಹನ್ನೊಂದು ದಿನದ್ದು ಯಾವುದೂ ತೆರೆಯಲಿಲ್ಲ. ಎಲ್ಲವೂ ಅರ್ಧಕ್ಕೆ ನಿಂತ ಫೈಲುಗಳು. ಹುಡುಗನನ್ನು ಕೇಳಿದೆ. “ಅಣ್ಣಾ, ‘ಬ್ಯಾಕಪ್ ಆಯಿತು’ ಅಂತ ಬಂದ ಕೂಡಲೇ ಪೆನ್‌ಡ್ರೈವ್ ತೆಗೀತಿದ್ದೆ. ಪನ್ವೇಲ್ ಲೋಕಲ್ ಹಿಡೀಬೇಕಲ್ವಾ?” ಅಂದ. ಅವನದ್ದೇನೂ ತಪ್ಪಿಲ್ಲ. ತಪ್ಪು ನನ್ನ ಕೋಡಿನದ್ದು. ಜಿಪ್ ಪ್ರೋಗ್ರಾಂ ಶುರುವಾದ ಕೂಡಲೇ ನನ್ನ ಕೋಡು ಮುಂದಿನ ಸಾಲಿಗೆ ಹೋಗಿ ‘ಆಯಿತು’ ಅಂತ ಹೇಳುತ್ತಿತ್ತು. ಡೇಟಾ ಫೈಲು ಸಣ್ಣದಿದ್ದಾಗ ಕೆಲಸ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು, ಹಾಗಾಗಿ ಸುಳ್ಳು ಗೊತ್ತಾಗಲಿಲ್ಲ. ಫೈಲು ಬೆಳೆಯಿತು, ಒಂದು ನಿಮಿಷದ ಮೇಲೆ ಹಿಡಿಯತೊಡಗಿತು. ಹುಡುಗ ಅಷ್ಟರಲ್ಲಿ ಸ್ಟೇಷನ್ ದಾರಿಯಲ್ಲಿರುತ್ತಿದ್ದ.

ಹನ್ನೊಂದು ದಿನದ ಬಿಲ್ಲುಗಳನ್ನು ಕಾಗದ ನೋಡಿ ಮತ್ತೆ ಎಂಟ್ರಿ ಮಾಡಿದ್ದು ಆ ಹುಡುಗನೇ. ಆ ನೋವಿನಿಂದ ಇದನ್ನು ಬರೆಯುತ್ತಿದ್ದೇನೆ. ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಸಣ್ಣ ವ್ಯಾಪಾರಗಳಿಗೆ ಡೇಟಾಬೇಸ್ ಬರೆದುಕೊಡುವ ಕನ್ನಡದ ಹುಡುಗರು, ಹುಡುಗಿಯರು ತುಂಬ ಜನ ಇದ್ದಾರೆ. ಅವರಿಗೆ ಇದು ನೇರವಾಗಿ ಉಪಯೋಗಕ್ಕೆ ಬರಲಿ.

ಕಾಯುವುದು ಅಂದರೆ ಏನು?

ಮಾಟುಂಗದ ಉಡುಪಿ ಹೋಟೆಲಿಗೆ ಭಾನುವಾರ ಬೆಳಿಗ್ಗೆ ಪಾರ್ಸೆಲ್ ತರಲು ಹೋಗಿ. ದುಡ್ಡು ಕೊಟ್ಟರೆ ಒಂದು ಟೋಕನ್ ಕೊಡುತ್ತಾರೆ. ಟೋಕನ್ ಕೈಗೆ ಬಂದರೆ ದೋಸೆ ಕೈಗೆ ಬಂದ ಹಾಗಲ್ಲ. ಕೌಂಟರ್ ಎದುರೇ ನಿಂತು ಕಾಯಬಹುದು. ಪಕ್ಕದ ಹೂವಿನ ಅಂಗಡಿಗೆ ಹೋಗಿ ನಡುನಡುವೆ ಬಂದು ಇಣುಕಬಹುದು. ‘ಆಗಿರಬಹುದು’ ಅಂತ ಅಂದಾಜು ಮಾಡಿ ಹತ್ತು ನಿಮಿಷ ಬಿಟ್ಟು ಬರಬಹುದು. ಆಕ್ಸೆಸ್‌ನಲ್ಲಿ ನಮಗಿರುವ ದಾರಿಗಳೂ ಹೆಚ್ಚು ಕಡಿಮೆ ಇವೇ.

ದಾರಿ ಆರಿಸುವ ಮುಂಚೆ ನಾನು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಹೊರಗಿನ ಪ್ರೋಗ್ರಾಂ ಮಾಡಿದ ಕೆಲಸ ಕೋಡಿನ ಮುಂದಿನ ಸಾಲಿಗೆ ಬೇಕಾ? ಅದು ಎಷ್ಟು ಹೊತ್ತು ಹಿಡಿಯಬಹುದು, ಅದರಲ್ಲೂ ಕೆಟ್ಟ ದಿನ ಎಷ್ಟು ಹಿಡಿಯಬಹುದು? ಅದು ಸೋತರೆ ನನಗೆ ಗೊತ್ತಾಗುತ್ತದಾ? ಮೂರನೆಯದ್ದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಕಾದು ಕಾದು ಕೊನೆಗೆ ಕೆಲಸ ಕೆಟ್ಟಿದೆ ಅಂತ ತಿಳಿಯದೇ ಹೋದರೆ ಕಾದು ಏನು ಬಂತು?

ಬರೀ ಶೆಲ್

ಆಕ್ಸೆಸ್‌ನಲ್ಲಿ ಕೋಡು ಬರೆಯುವ ಭಾಷೆಯಾದ ವಿಬಿಎಯ ಜೊತೆಗೇ ಬರುವ ಶೆಲ್ ಫಂಕ್ಷನ್ ಎಲ್ಲರಿಗೂ ಮೊದಲು ಸಿಗುವ ದಾರಿ. ಪ್ರೋಗ್ರಾಂ ಹೆಸರು ಕೊಟ್ಟರೆ ಅದನ್ನು ಓಡಿಸಿ ಒಂದು ಸಂಖ್ಯೆ ವಾಪಸ್ ಕೊಡುತ್ತದೆ. ಆ ಸಂಖ್ಯೆ ಪ್ರೋಸೆಸ್ ಐಡಿ, ಅಂದರೆ ನಮ್ಮ ಟೋಕನ್. ಶೆಲ್ ಕಾಯುವುದಿಲ್ಲ. ಕಾಯಲು ಅದರಲ್ಲಿ ಆಯ್ಕೆಯೂ ಇಲ್ಲ.

ಕ್ಯಾಲ್ಕುಲೇಟರ್ ತೆರೆಯಲು, ಫೋಲ್ಡರ್ ತೋರಿಸಲು, ಒಮ್ಮೆ ತೆರೆದ ಮೇಲೆ ನಮಗೆ ಸಂಬಂಧ ಇಲ್ಲದ ಯಾವುದೇ ಕೆಲಸಕ್ಕೆ ಇದು ಸಾಕು. ಎರಡು ಮಾತು ಮಾತ್ರ ನೆನಪಿಡಿ. ವಿಂಡೋ ಹೇಗೆ ಕಾಣಬೇಕು ಅಂತ ಹೇಳದಿದ್ದರೆ ಪ್ರೋಗ್ರಾಂ ಚಿಕ್ಕದಾಗಿ ಟಾಸ್ಕ್‌ಬಾರ್‌ನಲ್ಲಿ ಕೂರುತ್ತದೆ, ಅಂಗಡಿಯವರು ‘ಏನೂ ಆಗಲಿಲ್ಲ’ ಅಂತ ಮತ್ತೆ ಮತ್ತೆ ಬಟನ್ ಒತ್ತುತ್ತಾರೆ. ಇನ್ನೊಂದು, ಕಾಪಿ, ಡಿರ್ ತರಹದ ಕಮಾಂಡ್‌ಗಳು ಬೇರೆ ಪ್ರೋಗ್ರಾಂಗಳಲ್ಲ, ವಿಂಡೋಸ್‌ನ ಕಮಾಂಡ್ ಪ್ರೋಗ್ರಾಂ ಆದ ಸಿಎಂಡಿಯ ಹೊಟ್ಟೆಯೊಳಗೆ ಇರುವಂಥವು. ಅವನ್ನು ನೇರವಾಗಿ ಶೆಲ್‌ಗೆ ಕೊಟ್ಟರೆ ಫೈಲ್ ಸಿಗಲಿಲ್ಲ ಅಂತ 53ನೇ ನಂಬರಿನ ಎರರ್ ಬರುತ್ತದೆ. ಸಿಎಂಡಿಯ ಮೂಲಕವೇ ಓಡಿಸಬೇಕು.

ಶೆಲ್ ಆದ ಮೇಲೆ ಐದು ಸೆಕೆಂಡ್ ಸುಮ್ನೆ ನಿಲ್ಲಿಸುವ ಒಂದು ಸಾಲು ಹಾಕುವವರಿದ್ದಾರೆ. ದಯವಿಟ್ಟು ಮಾಡಬೇಡಿ. ನಿಮ್ಮ ಹೊಸ ಲ್ಯಾಪ್‌ಟಾಪ್‌ನಲ್ಲಿ ಐದು ಸೆಕೆಂಡ್ ಜಾಸ್ತಿಯೇ ಆಯಿತು. ಅಂಗಡಿಯ ಹತ್ತು ವರ್ಷದ ಕಂಪ್ಯೂಟರಿಗೆ, ಅದರ ಹಳೇ ಪೆನ್‌ಡ್ರೈವ್‌ಗೆ ಐವತ್ತೂ ಸಾಲದು. ನನ್ನ ಹನ್ನೊಂದು ದಿನ ಹೋದದ್ದೂ ಇಂಥದ್ದೇ ಅಂದಾಜಿನಿಂದ.

ಡಬ್ಲ್ಯುಸ್ಕ್ರಿಪ್ಟ್ ಶೆಲ್‌ನ ರನ್

ವಿಂಡೋಸ್‌ನಲ್ಲಿ ಡಬ್ಲ್ಯುಸ್ಕ್ರಿಪ್ಟ್ ಡಾಟ್ ಶೆಲ್ ಅಂತ ಒಂದು ಆಬ್ಜೆಕ್ಟ್ ಇದೆ. ಅದನ್ನು ಕ್ರಿಯೇಟ್‌ಆಬ್ಜೆಕ್ಟ್‌ನಿಂದ ಪಡೆದು ಅದರ ರನ್ ಕರೆಯಬೇಕು. ಕೊಡಬೇಕಾದ್ದು ಮೂರು: ಕಮಾಂಡ್, ವಿಂಡೋದ ಬಗೆ, ಕಾಯಬೇಕೋ ಬೇಡವೋ. ಮೂರನೆಯದಕ್ಕೆ ಟ್ರೂ ಕೊಟ್ಟರೆ ಪ್ರೋಗ್ರಾಂ ಮುಗಿಯುವ ತನಕ ಕೋಡು ಅಲ್ಲೇ ನಿಲ್ಲುತ್ತದೆ. ಮುಗಿದ ಮೇಲೆ ಆ ಪ್ರೋಗ್ರಾಂ ಬಿಟ್ಟುಹೋದ ಎಕ್ಸಿಟ್ ಕೋಡ್, ಅಂದರೆ ಕೆಲಸ ಹೇಗಾಯಿತು ಅಂತ ಹೇಳುವ ಸಂಖ್ಯೆ, ನಮ್ಮ ಕೈಗೆ ಸಿಗುತ್ತದೆ. ಎರಡು ಸಾಲಿನ ಕೆಲಸ. 32 ಬಿಟ್, 64 ಬಿಟ್ ಅಂತ ತಲೆಬಿಸಿ ಇಲ್ಲ.

ಹೊಸಬರು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಹತ್ತು ಸೆಕೆಂಡಿನ ಒಳಗೆ ಮುಗಿಯುವ ಕೆಲಸ, ಕೊನೆಗೆ ಸರಿಯೋ ತಪ್ಪೋ ಗೊತ್ತಾಗಬೇಕು ಅಂದರೆ ಇದಕ್ಕಿಂತ ಸುಲಭದ್ದು ಇಲ್ಲ. ಶೆಲ್‌ನಲ್ಲಿ ಇಲ್ಲದ ಒಂದು ಅನುಕೂಲವೂ ಇದೆ. ಟೆಂಪ್ ಫೋಲ್ಡರ್‌ನಂಥ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು ಕಮಾಂಡ್‌ನಲ್ಲಿ ಹಾಗೇ ಬರೆದರೂ ಇದೇ ಬಿಡಿಸಿಕೊಳ್ಳುತ್ತದೆ.

ತೊಂದರೆ ಏನೆಂದರೆ ಕಾಯುವಷ್ಟು ಹೊತ್ತೂ ಆಕ್ಸೆಸ್ ಕಲ್ಲಾಗಿರುತ್ತದೆ. ಸುಮಾರು ಐದು ಸೆಕೆಂಡ್ ಒಂದು ವಿಂಡೋ ಉತ್ತರ ಕೊಡದಿದ್ದರೆ ವಿಂಡೋಸ್ ಅದನ್ನು ‘ನಾಟ್ ರೆಸ್ಪಾಂಡಿಂಗ್’ ಅಂತ ಲೆಕ್ಕ ಹಾಕುತ್ತದೆ. ಸ್ಕ್ರೀನ್ ಬಿಳಿಚಿಕೊಳ್ಳುತ್ತದೆ. ಕೌಂಟರ್‌ನಲ್ಲಿ ಗಿರಾಕಿ ನಿಂತಿದ್ದಾರೆ, ಕಂಪ್ಯೂಟರ್ ಬಿಳಿಯಾಗಿದೆ. ಅಂಗಡಿಯವರು ಏನು ಮಾಡುತ್ತಾರೆ? ಟಾಸ್ಕ್ ಮ್ಯಾನೇಜರ್ ತೆಗೆದು ಆಕ್ಸೆಸ್ಸನ್ನೇ ಮುಚ್ಚುತ್ತಾರೆ. ಆ ಹೊತ್ತಿಗೆ ಯಾವುದಾದರೂ ಟೇಬಲ್‌ಗೆ ಬರೆಯುವುದು ನಡೆದಿದ್ದರೆ ಡೇಟಾ ಫೈಲೇ ಕೆಡಬಹುದು. ಹಾಗಾಗಿ ಹತ್ತು ಸೆಕೆಂಡಿನ ಗೆರೆ. ಅದಕ್ಕಿಂತ ಜಾಸ್ತಿ ಹಿಡಿಯುವ ಕೆಲಸಕ್ಕೆ ರನ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಎಷ್ಟು ಹೊತ್ತು ಕಾಯಬೇಕು ಅಂತ ಇದಕ್ಕೆ ಮಿತಿ ಹಾಕಲೂ ಆಗುವುದಿಲ್ಲ. ವಿಂಡೋ ಅಡಗಿಸಿ ಓಡಿಸಿದ್ದೀರಿ ಅಂದುಕೊಳ್ಳಿ. ಒಳಗಿನ ಪ್ರೋಗ್ರಾಂ ‘ಹಳೇ ಫೈಲಿನ ಮೇಲೆ ಬರೆಯಲಾ? ವೈ ಅಥವಾ ಎನ್’ ಅಂತ ಕೇಳಿ ನಿಂತಿತು. ಪ್ರಶ್ನೆ ಯಾರಿಗೂ ಕಾಣುವುದಿಲ್ಲ, ಉತ್ತರ ಯಾರೂ ಕೊಡುವುದಿಲ್ಲ. ಬೆಳಗಿನ ತನಕವೂ ಹಾಗೇ. ಹಾಗಾಗಿ ಅಡಗಿಸಿ ಓಡಿಸುವ ಯಾವುದೇ ಪ್ರೋಗ್ರಾಂಗೆ ‘ಪ್ರಶ್ನೆ ಕೇಳಬೇಡ’ ಅನ್ನುವ ಸ್ವಿಚ್ ಇದೆಯಾ ಅಂತ ಮೊದಲು ನೋಡಿ. ಜಿಪ್ ಮಾಡುವ 7-ಜಿಪ್ ಪ್ರೋಗ್ರಾಂನಲ್ಲಿ ಅಡ್ಡಗೆರೆ ವೈ (-y) ಹಾಕಿದರೆ ಎಲ್ಲ ಪ್ರಶ್ನೆಗೂ ಹೌದು ಅಂದ ಹಾಗೆ.

ಮೂರನೆಯ ಜಾಗದಲ್ಲಿ ಟ್ರೂ ಹಾಕಲು ಮರೆತರೆ ರನ್ ಕಾಯದೆ ಕೂಡಲೇ 0 ವಾಪಸ್ ಕೊಡುತ್ತದೆ. 0 ಅಂದರೆ ಸಾಮಾನ್ಯವಾಗಿ ‘ಸರಿಯಾಯಿತು’. ಅಂದರೆ ಕಾಯದೇ ಇದ್ದರೂ ಸರಿಯಾಯಿತು ಅಂತಲೇ ಕಾಣುತ್ತದೆ. ಇದನ್ನು ಹುಡುಕಲು ಒಂದು ಇಡೀ ಮಧ್ಯಾಹ್ನ ಹೋಗಿದ್ದನ್ನು ನೋಡಿದ್ದೇನೆ.

ವಿಂಡೋಸ್‌ನ ಹಳೇ ಸ್ಕ್ರಿಪ್ಟ್ ಭಾಷೆಯಾದ ವಿಬಿಸ್ಕ್ರಿಪ್ಟ್ ಅನ್ನು ಹಂತಹಂತವಾಗಿ ಕೈಬಿಡುವುದಾಗಿ ಮೈಕ್ರೋಸಾಫ್ಟ್ 2023ರ ಅಕ್ಟೋಬರ್‌ನಲ್ಲಿ ಹೇಳಿತು. ನಿಮ್ಮ ಆಕ್ಸೆಸ್ ಕೋಡು ಹಳೇ ವಿಬಿಎಸ್ ಫೈಲುಗಳನ್ನು ಓಡಿಸುತ್ತಿದ್ದರೆ ಅವನ್ನು ಈಗಲೇ ಬೇರೆ ಬಗೆಯಲ್ಲಿ ಬರೆದಿಡಿ. ಡಬ್ಲ್ಯುಸ್ಕ್ರಿಪ್ಟ್ ಶೆಲ್ ಆಬ್ಜೆಕ್ಟ್ ಇರುವ ಫೈಲು ಬೇರೆ, ವಿಬಿಸ್ಕ್ರಿಪ್ಟ್ ಭಾಷೆಯ ಎಂಜಿನ್ ಬೇರೆ. ಆದರೂ ಹತ್ತು ವರ್ಷ ಬಾಳಬೇಕಾದ ಕೆಲಸಕ್ಕೆ ನಾನು ಮುಂದೆ ಹೇಳುವ ಎಪಿಐ (ವಿಂಡೋಸ್ ತಾನೇ ಕೊಡುವ ಫಂಕ್ಷನ್‌ಗಳು) ದಾರಿಯನ್ನೇ ಹಿಡಿಯುತ್ತೇನೆ.

ಎಕ್ಸೆಕ್

ಅದೇ ಆಬ್ಜೆಕ್ಟ್‌ನಲ್ಲಿ ಎಕ್ಸೆಕ್ ಅಂತಲೂ ಇದೆ. ಪ್ರೋಗ್ರಾಂ ಪರದೆಯ ಮೇಲೆ ಬರೆಯುವ ಮಾತು ನಿಮಗೆ ಬೇಕಾದರೆ ಮಾತ್ರ ಇದು. ಕಪ್ಪು ವಿಂಡೋ ಒಂದು ಮಿಂಚಿ ಹೋಗುತ್ತದೆ, ಅಡಗಿಸಲು ಆಗುವುದಿಲ್ಲ. ಒಂದೇ ಕಡೆಯ ಮಾತನ್ನು ಓದುತ್ತಾ ಕೂತರೆ, ಎರರ್ ಬರುವ ಕೊಳವೆ ತುಂಬಿ ಎರಡೂ ಕಡೆ ಒಬ್ಬರಿಗೊಬ್ಬರು ಕಾಯುತ್ತಾ ನಿಂತುಬಿಡುತ್ತವೆ. ರನ್ ಬಳಸಿ, ಸಿಎಂಡಿ ಮೂಲಕ ಮಾತನ್ನು ಒಂದು ಟೆಕ್ಸ್ಟ್ ಫೈಲಿಗೆ ತಿರುಗಿಸಿ ಆಮೇಲೆ ಓದುವುದೇ ನನಗೆ ಹೆಚ್ಚು ನಂಬಿಕೆಯ ದಾರಿ.

ವಿಂಡೋಸ್ ಎಪಿಐ: ಟೋಕನ್ ಹಿಡಿದು ಕಾಯುವುದು

ಈಗ ದೊಡ್ಡ ಕೆಲಸಗಳ ಮಾತು. ಶೆಲ್ ಕೊಟ್ಟ ಪ್ರೋಸೆಸ್ ಐಡಿಯನ್ನು ಓಪನ್‌ಪ್ರೋಸೆಸ್ ಅನ್ನುವ ಎಪಿಐಗೆ ಕೊಟ್ಟರೆ ಒಂದು ಹ್ಯಾಂಡಲ್, ಅಂದರೆ ಆ ಓಡುತ್ತಿರುವ ಪ್ರೋಗ್ರಾಂ ಅನ್ನು ಹಿಡಿದುಕೊಳ್ಳುವ ಹಿಡಿ, ಸಿಗುತ್ತದೆ. ಆ ಹ್ಯಾಂಡಲನ್ನು ವೇಟ್‌ಫಾರ್‌ಸಿಂಗಲ್‌ಆಬ್ಜೆಕ್ಟ್‌ಗೆ ಕೊಟ್ಟು ಎಷ್ಟು ಮಿಲಿಸೆಕೆಂಡ್ ಕಾಯಬೇಕು ಅಂತ ಹೇಳಬೇಕು. ಅಷ್ಟರೊಳಗೆ ಪ್ರೋಗ್ರಾಂ ಮುಗಿದರೆ 0 ಬರುತ್ತದೆ. ಮುಗಿಯದಿದ್ದರೆ 258, ಅಂದರೆ ಸಮಯ ಆಯಿತು, ಇನ್ನೂ ಓಡುತ್ತಿದೆ. ಮುಗಿದ ಮೇಲೆ ಗೆಟ್‌ಎಕ್ಸಿಟ್‌ಕೋಡ್‌ಪ್ರೋಸೆಸ್ ಕರೆದು ಎಕ್ಸಿಟ್ ಕೋಡ್ ಓದಿ, ಕೊನೆಗೆ ಕ್ಲೋಸ್‌ಹ್ಯಾಂಡಲ್ ಕರೆದು ಮುಚ್ಚಬೇಕು.

ಐಡಿ ಇದ್ದ ಮೇಲೆ ಹ್ಯಾಂಡಲ್ ಯಾಕೆ ಅಂತ ಕೇಳುತ್ತೀರಿ. ಹೋಟೆಲಿನ ಟೋಕನ್ ನಂಬರ್ ನೆನಪಿಡಿ. ಬೆಳಿಗ್ಗೆ ನಿಮಗೆ ಕೊಟ್ಟ 42ನೇ ನಂಬರ್ ಮಧ್ಯಾಹ್ನ ಬೇರೆಯವರ ಕೈಯಲ್ಲಿರುತ್ತದೆ. ವಿಂಡೋಸ್ ಕೂಡ ಮುಗಿದ ಪ್ರೋಸೆಸ್‌ನ ಐಡಿಯನ್ನು ಆಮೇಲೆ ಬೇರೊಂದಕ್ಕೆ ಕೊಡಬಹುದು. ಬರೀ ಐಡಿ ಇಟ್ಟುಕೊಂಡು ‘ಇದು ಇನ್ನೂ ಓಡುತ್ತಿದೆಯಾ’ ಅಂತ ಕೇಳುತ್ತಾ ಕೂತರೆ ಬೇರೆ ಯಾವುದೋ ಪ್ರೋಗ್ರಾಂಗೆ ಕಾಯುತ್ತಿರಬಹುದು. ಹ್ಯಾಂಡಲ್ ತೆರೆದಿಟ್ಟಷ್ಟು ಹೊತ್ತು ಆ ಐಡಿ ಬೇರೆಯವರಿಗೆ ಹೋಗುವುದಿಲ್ಲ. ಆದ್ದರಿಂದ ಶೆಲ್ ಆದ ಮರು ಸಾಲಿನಲ್ಲೇ ಹ್ಯಾಂಡಲ್ ತೆಗೆದುಕೊಳ್ಳಿ, ನಡುವೆ ಮೆಸೇಜ್‌ಬಾಕ್ಸ್ ಹಾಕಬೇಡಿ. ಪ್ರೋಗ್ರಾಂ ತೀರಾ ಚಿಕ್ಕದಾಗಿದ್ದು ಅಷ್ಟರಲ್ಲೇ ಮುಗಿದರೆ ಹ್ಯಾಂಡಲ್ ಜಾಗದಲ್ಲಿ 0 ಬರುತ್ತದೆ, ಎಕ್ಸಿಟ್ ಕೋಡ್ ಸಿಗುವುದಿಲ್ಲ. ಇದೂ ಆಗಬಾರದು ಅಂದರೆ ಶೆಲ್ ಬಿಟ್ಟು ಕ್ರಿಯೇಟ್‌ಪ್ರೋಸೆಸ್ ಎಪಿಐ ಬಳಸಬೇಕು. ಅದು ಪ್ರೋಗ್ರಾಂ ಓಡಿಸುವಾಗಲೇ ಹ್ಯಾಂಡಲ್ ಕೊಡುತ್ತದೆ. ಬರೆಯುವುದು ಜಾಸ್ತಿ, ಆದರೆ ಸಂದು ಇಲ್ಲ.

ಕಾಯುವಾಗ ‘ಎಷ್ಟು ಹೊತ್ತಾದರೂ ಸರಿ’ ಅನ್ನುವ ಇನ್ಫಿನಿಟ್ ಕೊಡುವ ಕೋಡು ಎಲ್ಲ ಕಡೆ ಸಿಗುತ್ತದೆ. ಅದನ್ನು ಎತ್ತಿಕೊಳ್ಳಬೇಡಿ. ಸ್ಕ್ರೀನ್ ಬಿಳಿಯಾಗುವುದು ಒಂದು ಕಾರಣ. ಇನ್ನೊಂದು ಕಾರಣ ಕಣ್ಣಿಗೆ ಬೀಳುವುದಿಲ್ಲ. ಕೆಲವು ಪ್ರೋಗ್ರಾಂಗಳು ಶುರುವಾಗುವಾಗ ಕಂಪ್ಯೂಟರಿನ ಎಲ್ಲ ವಿಂಡೋಗಳಿಗೂ ಒಂದು ಸಂದೇಶ ಕಳಿಸಿ ಉತ್ತರಕ್ಕೆ ಕಾಯುತ್ತವೆ. ಆಕ್ಸೆಸ್ ಆಗಲೇ ಕಲ್ಲಾಗಿ ಕೂತಿದೆ. ಪ್ರೋಗ್ರಾಂ ಆಕ್ಸೆಸ್‌ನ ಉತ್ತರಕ್ಕೆ ಕಾಯುತ್ತದೆ, ಆಕ್ಸೆಸ್ ಪ್ರೋಗ್ರಾಂ ಮುಗಿಯಲಿ ಅಂತ ಕಾಯುತ್ತದೆ. ಎರಡೂ ಏಳುವುದಿಲ್ಲ.

ನಾನು ಮಾಡುವುದು ಹೀಗೆ. ಒಂದು ಲೂಪ್. ಪ್ರತಿ ಸುತ್ತಿನಲ್ಲಿ 200 ಮಿಲಿಸೆಕೆಂಡ್ ಮಾತ್ರ ಕಾಯುವುದು. 258 ಬಂದರೆ ಡೂಇವೆಂಟ್ಸ್ ಕರೆದು ಆಕ್ಸೆಸ್‌ಗೆ ಉಸಿರಾಡಲು ಬಿಡುವುದು, ಫಾರ್ಮ್‌ನಲ್ಲಿ ‘ಬ್ಯಾಕಪ್ ನಡೆಯುತ್ತಿದೆ, 35 ಸೆಕೆಂಡ್’ ಅಂತ ತೋರಿಸುವುದು, ಮತ್ತೆ ಕಾಯುವುದು. ಸ್ಕ್ರೀನ್ ಬಿಳಿಯಾಗುವುದಿಲ್ಲ. ಇಷ್ಟು ನಿಮಿಷ ಮೀರಿದರೆ ಹುಡುಗನನ್ನು ಕೇಳು ಅಂತ ಮಿತಿಯನ್ನೂ ಹಾಕಬಹುದು. ಡೂಇವೆಂಟ್ಸನ್ನು ಮಾತ್ರ ಸುತ್ತಿಸಿ, ನಡುವೆ ಕಾಯುವುದನ್ನು ಬಿಟ್ಟರೆ ಪ್ರೊಸೆಸರಿನ ಒಂದು ಕೋರ್ ಪೂರ್ತಿ ಇದಕ್ಕೇ ಹೋಗುತ್ತದೆ. ಹಳೇ ಕಂಪ್ಯೂಟರಿನಲ್ಲಿ ಜಿಪ್ ಆಗುವುದೇ ನಿಧಾನವಾಗುತ್ತದೆ.

ಡೂಇವೆಂಟ್ಸ್ ಹಾಕಿದ ಮೇಲೆ ಬಟನ್‌ಗಳು ಜೀವಂತ ಇರುತ್ತವೆ, ಇದನ್ನು ಮರೆಯಬೇಡಿ. ಹುಡುಗ ಬ್ಯಾಕಪ್ ಬಟನ್ ಎರಡನೇ ಸಲ ಒತ್ತಿದರೆ ಮೊದಲನೆಯದು ಮುಗಿಯುವ ಮುಂಚೆ ಎರಡನೆಯದು ಶುರುವಾಗುತ್ತದೆ, ಎರಡೂ ಒಂದೇ ಫೈಲಿಗೆ ಬರೆಯಲು ಹೋಗುತ್ತವೆ. ಕೆಲಸ ಶುರುವಾದ ಕೂಡಲೇ ಬಟನ್ ಡಿಸೇಬಲ್ ಮಾಡಿ. ಫಾರ್ಮ್ ಮುಚ್ಚದಂತೆ ಅನ್‌ಲೋಡ್‌ನಲ್ಲಿ ತಡೆಯಿರಿ. ಎರರ್ ಬಂದರೂ ಬಟನ್ ಮತ್ತೆ ತೆರೆಯುವ ಹಾಗೆ ಕೊನೆಯ ಸಾಲುಗಳನ್ನು ಬರೆಯಿರಿ.

ಇನ್ನು 64 ಬಿಟ್ ವಿಷಯ. ಹಳೇ ಎಪಿಐ ಸಾಲುಗಳು 64 ಬಿಟ್ ಆಫೀಸ್‌ನಲ್ಲಿ ಓಡುವುದಿಲ್ಲ. ಆಫೀಸ್ 2010ರಿಂದ ಡಿಕ್ಲೇರ್ ಅನ್ನುವ ಪದ ಆದ ಮೇಲೆ ಪಿಟಿಆರ್‌ಸೇಫ್ ಅಂತ ಬರೆಯಬೇಕು, ಹ್ಯಾಂಡಲ್‌ಗಳಿಗೆ ಲಾಂಗ್ ಬದಲು ಲಾಂಗ್‌ಪಿಟಿಆರ್ ಬಳಸಬೇಕು. ಆಫೀಸ್ 2019ರಿಂದ ಏನೂ ಹೇಳದೆ ಹಾಕಿಕೊಂಡರೆ 64 ಬಿಟ್ಟೇ ಕೂರುತ್ತದೆ. ಹಾಗಾಗಿ ಅಂಗಡಿಗೆ ಹೊಸ ಕಂಪ್ಯೂಟರ್ ಬಂದ ದಿನ ನಿಮಗೆ ಫೋನ್ ಬರುತ್ತದೆ. ಮೊದಲೇ ಸರಿಮಾಡಿಡಿ.

ಟೈಮರ್: ಕಾಯದೇ ಕಾಯುವುದು

ಕೆಲಸ ಹತ್ತು, ಇಪ್ಪತ್ತು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಅಂಗಡಿಯವರು ಬಿಲ್ಲೂ ಹಾಕಬೇಕು ಅಂದರೆ ಲೂಪ್ ಕೂಡ ಸರಿಯಲ್ಲ. ಆಗ ಹ್ಯಾಂಡಲನ್ನು ಮಾಡ್ಯೂಲ್ ಮಟ್ಟದ ವೇರಿಯಬಲ್‌ನಲ್ಲಿಟ್ಟು, ಒಂದು ಸಣ್ಣ ಫಾರ್ಮ್‌ನ ಟೈಮರ್ ಇಂಟರ್ವಲ್ ಅನ್ನು 1000ಕ್ಕೆ ಹಾಕಿ. ಸೆಕೆಂಡಿಗೊಮ್ಮೆ ಟೈಮರ್ ಎದ್ದು, ಸೊನ್ನೆ ಮಿಲಿಸೆಕೆಂಡಿನ ಕಾಯುವಿಕೆಯಿಂದ ‘ಮುಗಿಯಿತಾ’ ಅಂತ ಕೇಳಿ ಸುಮ್ಮನಾಗುತ್ತದೆ. ಹೂವಿನಂಗಡಿಯಿಂದ ಬಂದು ಬಂದು ಇಣುಕಿದ ಹಾಗೆ.

ಬೆಲೆ ಒಂದೇ. ನಿಮ್ಮ ಕೋಡು ಎರಡು ತುಂಡಾಗುತ್ತದೆ. ‘ಓಡಿಸು, ಆಮೇಲೆ ಇದನ್ನು ಮಾಡು’ ಅಂತ ಒಂದೇ ಸಾಲಾಗಿ ಬರೆಯಲಾಗುವುದಿಲ್ಲ. ಓಡಿಸುವುದು ಒಂದು ಕಡೆ, ಆಮೇಲಿನದ್ದು ಟೈಮರ್ ಒಳಗೆ. ನಡುವೆ ಎರರ್ ಬಂದು ಯಾರಾದರೂ ‘ಎಂಡ್’ ಒತ್ತಿದರೆ ವೇರಿಯಬಲ್ ಖಾಲಿ, ಹ್ಯಾಂಡಲ್ ಹೋಯಿತು. ಪ್ರೋಗ್ರಾಂ ಓಡುತ್ತಲೇ ಇರುತ್ತದೆ, ನಮಗೆ ಮಾತ್ರ ಅದರ ಗುರುತು ಇಲ್ಲ. ಇಷ್ಟಾದರೂ ಉದ್ದದ ಕೆಲಸಕ್ಕೆ ನನಗೆ ಇದೇ ಇಷ್ಟ.

ಫೈಲ್ ಬಂತಾ ಅಂತ ನೋಡುವುದು

ಹೊರಗಿನ ಪ್ರೋಗ್ರಾಂ ಬೇರೆ ಕಂಪ್ಯೂಟರಿನಲ್ಲಿ ಓಡುತ್ತಿದ್ದರೆ, ಅಥವಾ ಶುರುಮಾಡಿದ್ದು ನಾವಲ್ಲದಿದ್ದರೆ ಹ್ಯಾಂಡಲ್ ಸಿಗುವುದಿಲ್ಲ. ಆಗ ಫಲಿತಾಂಶದ ಫೈಲಿಗಾಗಿ ಕಾಯಬೇಕು. ಆದರೆ ಫೈಲಿನ ಹೆಸರು ಕಂಡರೆ ಬರೆದು ಮುಗಿಯಿತು ಅಂತಲ್ಲ. ಆ ಪ್ರೋಗ್ರಾಂ ಅಥವಾ ಬ್ಯಾಚ್ ಫೈಲು (ಕಮಾಂಡ್‌ಗಳನ್ನು ಸಾಲಾಗಿ ಬರೆದಿಟ್ಟ ಫೈಲು) ನಿಮ್ಮ ಕೈಯಲ್ಲಿದ್ದರೆ, ಮೊದಲು ಬೇರೆ ಹೆಸರಿನಲ್ಲಿ ಬರೆದು, ಮುಗಿದ ಮೇಲೆ ಹೆಸರು ಬದಲಿಸುವ ಹಾಗೆ ಮಾಡಿ. ನೀವು ಕೊನೆಯ ಹೆಸರಿಗೆ ಕಾಯಿರಿ.

ಕಾದರೂ ಕಾಯದ ಪ್ರೋಗ್ರಾಂಗಳು

ಮಾಹಿಮ್‌ನ ಕೇಟರಿಂಗ್‌ನವರೊಬ್ಬರು ಕೇಳಿದರು, “ಎಂತ ಮಾರಾಯ್ರೆ, ಕಾಯುವ ಕೋಡು ಹಾಕಿದ್ದೇವೆ, ಆದ್ರೂ ಪಿಡಿಎಫ್ ತೆರೆದ ಕೂಡಲೇ ಮುಂದಕ್ಕೆ ಹೋಗ್ತದೆ?” ಕಾರಣ ಕೋಡಲ್ಲ. ಬ್ರೌಸರ್‌ನಂಥ ಪ್ರೋಗ್ರಾಂಗಳು ಮೊದಲೇ ತೆರೆದಿದ್ದರೆ, ಹೊಸದಾಗಿ ಶುರುವಾದದ್ದು ತನ್ನ ಕೆಲಸವನ್ನು ಹಳೆಯದಕ್ಕೆ ದಾಟಿಸಿ ತಾನು ಮುಗಿದುಬಿಡುತ್ತದೆ. ನಾವು ಕಾದದ್ದು ಆ ಹೊಸದಕ್ಕೆ. ಅದು ನಿಜವಾಗಿಯೂ ಮುಗಿಯಿತು! ಬೇರೊಂದನ್ನು ಓಡಿಸಿ ಹೊರಟುಹೋಗುವ ಇನ್‌ಸ್ಟಾಲರ್‌ಗಳದ್ದೂ ಇದೇ ಕಥೆ. ಬ್ಯಾಚ್ ಫೈಲಿನೊಳಗೆ ಸ್ಟಾರ್ಟ್ ಕಮಾಂಡ್ ಇದ್ದರೆ ಅದೂ ಹಾಗೇ, ಅದರ ಜೊತೆ ವೇಟ್ ಸ್ವಿಚ್ ಹಾಕಿದರೆ ಮಾತ್ರ ನಿಲ್ಲುತ್ತದೆ.

ಜನ ನೋಡಿ ಮುಚ್ಚುವ ತನಕ ಕಾಯಬೇಕು ಅನ್ನುವ ಕಡೆ ಪ್ರೋಸೆಸ್‌ಗೆ ಕಾಯುವುದನ್ನೇ ಬಿಡಿ. ‘ನೋಡಿ ಆಯಿತು’ ಅಂತ ಒಂದು ಬಟನ್ ಆಕ್ಸೆಸ್‌ನಲ್ಲೇ ಕೊಡಿ. ಕೇಟರಿಂಗ್‌ನವರಿಗೆ ಹಾಗೇ ಮಾಡಿಕೊಟ್ಟೆ.

ಎಕ್ಸಿಟ್ ಕೋಡ್ ಓದುವುದು

ಯಾವ ದಾರಿಯಲ್ಲಿ ಕಾದರೂ ಕೊನೆಗೆ ಕೈಗೆ ಬರುವುದು ಒಂದು ಸಂಖ್ಯೆ. 0 ಅಂದರೆ ಸರಿ, ಉಳಿದದ್ದು ತಪ್ಪು ಅಂತ ಕಲಿತಿರುತ್ತೇವೆ. ಎಲ್ಲ ಪ್ರೋಗ್ರಾಂಗಳಿಗೂ ಅದು ಹೊಂದುವುದಿಲ್ಲ.

7-ಜಿಪ್‌ನಲ್ಲಿ 0 ಅಂದರೆ ಸರಿ. 2 ಅಂದರೆ ಕೆಲಸ ಕೆಟ್ಟಿದೆ, 7 ಅಂದರೆ ಕಮಾಂಡ್ ತಪ್ಪಾಗಿದೆ, 8 ಅಂದರೆ ಮೆಮರಿ ಸಾಲಲಿಲ್ಲ, 255 ಅಂದರೆ ಯಾರೋ ನಡುವೆ ನಿಲ್ಲಿಸಿದರು. 1 ಅಂದರೆ ಎಚ್ಚರಿಕೆ ಅಷ್ಟೇ. ಎಚ್ಚರಿಕೆ ತಾನೇ ಅಂತ ಬಿಡುವ ಹಾಗಿಲ್ಲ. ಬೇರೆ ಪ್ರೋಗ್ರಾಂ ಹಿಡಿದಿಟ್ಟಿದ್ದರಿಂದ ಕೆಲವು ಫೈಲುಗಳು ಜಿಪ್‌ಗೆ ಸೇರಲಿಲ್ಲ ಅನ್ನುವುದಕ್ಕೂ ಅದು 1 ಕೊಡುತ್ತದೆ. ನಮ್ಮ ಜಿಪ್‌ನಲ್ಲಿ ಇರಬೇಕಾದ್ದೇ ಒಂದು ಫೈಲು, ಅದೇ ಡೇಟಾ ಫೈಲು. ಅದೇ ಸೇರದಿದ್ದರೆ ಬ್ಯಾಕಪ್ ಎಲ್ಲಿ ಬಂತು?

ವಿಂಡೋಸ್‌ನಲ್ಲೇ ಇರುವ ಕಾಪಿ ಪ್ರೋಗ್ರಾಂ ರೋಬೋಕಾಪಿಯಲ್ಲಿ ಉಲ್ಟಾ. ಅಲ್ಲಿ 1 ಅಂದರೆ ಫೈಲುಗಳು ಸರಿಯಾಗಿ ಕಾಪಿಯಾದವು. 0 ಅಂದರೆ ಕಾಪಿ ಮಾಡಲು ಏನೂ ಇರಲಿಲ್ಲ. 8ಕ್ಕಿಂತ ಕಡಿಮೆ ಬಂದರೆ ಸೋತಿಲ್ಲ, 8 ಅಥವಾ ಮೇಲೆ ಬಂದರೆ ಏನೋ ಕಾಪಿಯಾಗಲಿಲ್ಲ. 0 ಅಲ್ಲದ್ದೆಲ್ಲ ತಪ್ಪು ಅಂತ ಬರೆದವರ ಕೋಡು ಕೆಲಸ ಸರಿಯಾದ ದಿನವೇ ಕೂಗಿಕೊಳ್ಳುತ್ತದೆ. ಎರಡು ವಾರ ಸುಳ್ಳು ಎಚ್ಚರಿಕೆ ನೋಡಿದ ಮೇಲೆ ಅಂಗಡಿಯವರು ನಿಜವಾದದ್ದನ್ನೂ ಓದದೇ ಓಕೆ ಒತ್ತುತ್ತಾರೆ.

ರೋಬೋಕಾಪಿಯ ಇನ್ನೊಂದು ಗುಣ ಕಾಯುವ ಕೋಡಿಗೆ ತುಂಬ ಮುಖ್ಯ. ಏನೂ ಹೇಳದಿದ್ದರೆ ಅದು ಸೋತ ಒಂದು ಫೈಲನ್ನು 10 ಲಕ್ಷ ಸಲ, ಪ್ರತಿ ಸಲಕ್ಕೆ 30 ಸೆಕೆಂಡ್ ಬಿಟ್ಟು, ಮತ್ತೆ ಪ್ರಯತ್ನ ಮಾಡುತ್ತದೆ. ಲೆಕ್ಕ ಹಾಕಿದರೆ ಸುಮಾರು 347 ದಿನ. ನೆಟ್‌ವರ್ಕ್ ಕೇಬಲ್ ಸಡಿಲವಾಗಿದೆ, ನೀವು ಇನ್ಫಿನಿಟ್ ಕೊಟ್ಟು ಕಾಯುತ್ತಿದ್ದೀರಿ ಅಂದರೆ ಏನಾಗುತ್ತದೆ ಅಂತ ಯೋಚಿಸಿ. ಆರ್ ಮತ್ತು ಡಬ್ಲ್ಯು ಸ್ವಿಚ್‌ಗಳಲ್ಲಿ ಎರಡು ಸಲ, ಐದು ಸೆಕೆಂಡ್ ಅಂತ ಬರೆದುಬಿಡಿ.

ಬ್ಯಾಚ್ ಫೈಲು ಓಡಿಸಿದರೆ ಸಾಮಾನ್ಯವಾಗಿ ಅದರ ಕೊನೆಯ ಕಮಾಂಡ್‌ನ ಕೋಡ್ ಮಾತ್ರ ಹೊರಗೆ ಬರುತ್ತದೆ. ನಡುವೆ ಜಿಪ್ ಸೋತು, ಕೊನೆಯಲ್ಲಿ ಕಾಪಿ ಗೆದ್ದರೆ ನಿಮಗೆ ಕಾಣುವುದು ಗೆಲುವು. ಸಾಧ್ಯವಾದರೆ ಒಂದೊಂದು ಪ್ರೋಗ್ರಾಂ ಅನ್ನು ಆಕ್ಸೆಸ್‌ನಿಂದಲೇ ಬೇರೆ ಬೇರೆ ಓಡಿಸಿ, ಒಂದೊಂದರ ಕೋಡನ್ನೂ ಒಂದು ಲಾಗ್ ಟೇಬಲ್‌ನಲ್ಲಿ ಬರೆಯಿರಿ. ದಿನ, ಹೊತ್ತು, ಕಮಾಂಡ್, ಕೋಡ್, ಹಿಡಿದ ಸೆಕೆಂಡ್. ಹಿಡಿದ ಸೆಕೆಂಡ್ ತಿಂಗಳಿಂದ ತಿಂಗಳಿಗೆ ಏರುವುದು ಅದರಲ್ಲಿ ಕಾಣುತ್ತದೆ. ನನ್ನ ಹತ್ತಿರ ಆ ಟೇಬಲ್ ಇದ್ದಿದ್ದರೆ ಹನ್ನೊಂದು ದಿನ ಹೋಗುತ್ತಿರಲಿಲ್ಲ.

ಓಡಿಸುವ ಮುಂಚೆಯ ಎರಡು ಸಣ್ಣ ಕೆಲಸ ಇಲ್ಲೇ ಹೇಳಿಬಿಡುತ್ತೇನೆ. ಹೊರಗಿನ ಪ್ರೋಗ್ರಾಂ ಇದೇ ಡೇಟಾಬೇಸ್ ಓದುವುದಿದ್ದರೆ ಫಾರ್ಮ್‌ನಲ್ಲಿ ಅರ್ಧ ತುಂಬಿದ ಎಂಟ್ರಿಯನ್ನು ಮೊದಲು ಸೇವ್ ಮಾಡಿ, ಇಲ್ಲದಿದ್ದರೆ ಅದಕ್ಕೆ ಹಳೇ ಲೆಕ್ಕವೇ ಸಿಗುತ್ತದೆ. ಮತ್ತೆ, ಫೈಲಿನ ದಾರಿಯಲ್ಲಿ ಖಾಲಿ ಜಾಗ ಇದ್ದರೆ ಪೂರ್ತಿ ದಾರಿಯನ್ನು ಡಬಲ್ ಕೋಟ್ ಒಳಗೆ ಹಾಕಿ. ಪ್ರೋಗ್ರಾಂ ಫೈಲ್ಸ್ ಫೋಲ್ಡರಿನ ಹೆಸರಿನಲ್ಲೇ ಖಾಲಿ ಜಾಗ ಇದೆ ಅಲ್ವಾ?

ಬೇರೆ ಡೇಟಾಬೇಸ್‌ಗಳಲ್ಲಿ

ಮಸ್ಜಿದ್ ಬಂದರ್, ಕಾಳಬಾದೇವಿ ಕಡೆ ಫಾಕ್ಸ್‌ಪ್ರೋದಿಂದ ಬಂದ ಹಳಬರಿಗೆ ಆಕ್ಸೆಸ್‌ನ ಶೆಲ್ ವಿಚಿತ್ರ ಅನ್ನಿಸುತ್ತದೆ. ಫಾಕ್ಸ್‌ಪ್ರೋದ ರನ್ ಕಮಾಂಡ್ ತಾನಾಗಿಯೇ ಕಾಯುತ್ತದೆ, ಕಾಯಬಾರದು ಅಂದರೆ ಎನ್ ಅಂತ ಸೇರಿಸಬೇಕು. ಅಲ್ಲಿಂದ ಆಕ್ಸೆಸ್‌ಗೆ ಕೋಡು ಸಾಗಿಸುವಾಗ ರನ್ ಇದ್ದಲ್ಲೆಲ್ಲ ಶೆಲ್ ಹಾಕಿದರೆ ಕಾಯುವುದು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಲಿಬ್ರೆಆಫೀಸ್ ಬೇಸ್‌ನಲ್ಲಿ ಶೆಲ್‌ಗೆ ನಾಲ್ಕನೆಯ ಜಾಗವೊಂದಿದೆ, ಅಲ್ಲಿ ಟ್ರೂ ಕೊಟ್ಟರೆ ಕಾಯುತ್ತದೆ. ದುಡ್ಡು ಕೊಡಲಾಗದ ಸಣ್ಣ ಸಂಘ, ಶಾಲೆಗಳಿಗೆ ಇದು ಒಳ್ಳೆಯದು.

ಎಸ್‌ಕ್ಯೂಎಲ್ ಸರ್ವರ್‌ನ ಎಕ್ಸ್‌ಪಿ ಕಮಾಂಡ್‌ಶೆಲ್ ಪ್ರೋಗ್ರಾಂ ಮುಗಿಯುವ ತನಕ ಕಾಯುತ್ತದೆ. ಆದರೆ ಓಡುವುದು ಸರ್ವರ್ ಮೇಲೆ, ನಿಮ್ಮ ಮೇಜಿನ ಕಂಪ್ಯೂಟರಿನಲ್ಲಿ ಅಲ್ಲ. ವಿಂಡೋ ತೆರೆದು ಬಟನ್ ಒತ್ತಲು ಕೇಳುವ ಪ್ರೋಗ್ರಾಂ ಅಲ್ಲಿ ಓಡಿಸಿದರೆ ಒತ್ತುವವರು ಯಾರೂ ಇಲ್ಲ, ಅದು ಹಾಗೇ ನಿಂತುಬಿಡುತ್ತದೆ. 2005ರ ಆವೃತ್ತಿಯಿಂದ ಇದು ಮೊದಲಿಗೆ ಬಂದ್ ಆಗಿಯೇ ಬರುತ್ತದೆ, ಸುರಕ್ಷೆಯ ಕಾರಣಕ್ಕೆ. ನಾನಾದರೆ ತೆರೆಯುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ 9.3ರಿಂದ ಕಾಪಿ ಕಮಾಂಡ್ ಹೊರಗಿನ ಪ್ರೋಗ್ರಾಂ ಜೊತೆ ಕೊಟ್ಟು ತೆಗೆದುಕೊಳ್ಳುತ್ತದೆ, ಪ್ರೋಗ್ರಾಂ ಸೋತರೆ ಎರರ್ ಕೊಡುತ್ತದೆ. ಅದೂ ಸರ್ವರ್ ಮೇಲೆಯೇ.

ಈಗ ವಾಶಿಯಲ್ಲಿ ಇರುವುದು

ಆ ಗಾಳಾದ ಡೇಟಾಬೇಸ್‌ನಲ್ಲಿ ಈಗ ನಾಲ್ಕು ಕಡೆ ಹೊರಗಿನ ಪ್ರೋಗ್ರಾಂ ಓಡುತ್ತದೆ. ಬಿಲ್ಲಿನ ಫೋಲ್ಡರ್ ತೆರೆಯಲು ಬರೀ ಶೆಲ್. ಚೀಲಗಳ ಬಾರ್‌ಕೋಡ್ ಲೇಬಲ್ ಹೊಡೆಯುವ ಪ್ರೋಗ್ರಾಂ ಎರಡು, ಮೂರು ಸೆಕೆಂಡಿನದ್ದು, ಅದಕ್ಕೆ ರನ್ ಮತ್ತು ಟ್ರೂ. ತಿಂಗಳ ಕೊನೆಗೆ ಹಳೇ ಬಿಲ್ಲುಗಳನ್ನೆಲ್ಲ ಆಫೀಸಿನ ಇನ್ನೊಂದು ಕಂಪ್ಯೂಟರಿಗೆ ಸಾಗಿಸುವ ರೋಬೋಕಾಪಿಗೆ ಟೈಮರ್, ಅದು ನಡೆಯುವಾಗಲೂ ಬಿಲ್ಲು ಹಾಕಬಹುದು. ರಾತ್ರಿಯ ಬ್ಯಾಕಪ್‌ಗೆ ಕ್ರಿಯೇಟ್‌ಪ್ರೋಸೆಸ್ ಮತ್ತು 200 ಮಿಲಿಸೆಕೆಂಡಿನ ಲೂಪ್, ಹತ್ತು ನಿಮಿಷದ ಮಿತಿ.

ಬ್ಯಾಕಪ್ ಶುರುವಾಗುವ ಮುಂಚೆ ಡೇಟಾ ಫೈಲು ಯಾರ ಕೈಯಲ್ಲೂ ಇಲ್ಲ ಅಂತ ನೋಡುತ್ತದೆ. ಕೋಡ್ 0 ಬಂದ ಮೇಲೂ ಅಲ್ಲಿಗೆ ಬಿಡುವುದಿಲ್ಲ. ಅದೇ 7-ಜಿಪ್‌ನ ಪರೀಕ್ಷೆ ಮಾಡುವ ಕಮಾಂಡನ್ನು ಇನ್ನೊಮ್ಮೆ ಓಡಿಸಿ ಜಿಪ್ ತೆರೆಯುತ್ತದಾ ಅಂತ ನೋಡುತ್ತದೆ. ಎರಡೂ ಸರಿಯಾದರೆ ಫಾರ್ಮ್ ಹಸಿರಾಗಿ, ಫೈಲಿನ ಗಾತ್ರ ತೋರಿಸಿ, ‘ಈಗ ಸೇಫ್ ಆಗಿ ಇಜೆಕ್ಟ್ ಮಾಡಿ ಪೆನ್‌ಡ್ರೈವ್ ತೆಗೆಯಿರಿ’ ಅನ್ನುತ್ತದೆ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಪೆನ್‌ಡ್ರೈವ್‌ಗಳು ಬೇಗ ತೆಗೆಯುವ ಬಗೆಯಲ್ಲೇ ಇರುತ್ತವೆ. ಆದರೆ ಅಂಗಡಿಯಲ್ಲಿ ಅದಕ್ಕಿಂತ ಹಳೇ ಕಂಪ್ಯೂಟರ್ ಒಂದು ಇನ್ನೂ ಇದೆ, ಹಾಗಾಗಿ ಆ ಸಾಲನ್ನು ತೆಗೆದಿಲ್ಲ.

ಮೊನ್ನೆ ಹೋದಾಗ ಲಾಗ್ ಟೇಬಲ್ ತೆರೆದು ನೋಡಿದೆ. ಬ್ಯಾಕಪ್‌ಗೆ ಈಗ ಪರೀಕ್ಷೆಯೂ ಸೇರಿ 114 ಸೆಕೆಂಡ್ ಹಿಡಿಯುತ್ತಿದೆ. “ಅಣ್ಣಾ, ಆ ಲೋಕಲ್ ಸಿಗೋದಿಲ್ಲ, ಮುಂದಿನದ್ದಕ್ಕೆ ಹೋಗ್ತೇನೆ” ಅಂದ ಹುಡುಗ, ಚೀಲಗಳ ಮೇಲೆ ಟಾರ್ಪಾಲ್ ಎಳೆಯುತ್ತಾ.